ಹಿಡಿಯೊಳಗಿನ ಸೀಸ

ಭಾವ, ನಿಮ್ಮ ಗಾಳದ ಕೋಲಿನ ಹಿಡಿಯೊಳಗಿದ್ದ ಸೀಸವನ್ನು ಕದ್ದವನು ನಾನು. ನಿಮ್ಮ ಬಲಗೈ ಕೆಟ್ಟಿರಲಿಲ್ಲ. ಕೆಟ್ಟಿತೆಂದು ನೀವು ನಂಬಿದಿರಿ, ನಾನು ನಂಬಲು ಬಿಟ್ಟೆ. ಹನ್ನೆರಡು ವರ್ಷ ಬಾಯಿ ಬಿಡಲಿಲ್ಲ. ನೀವು ತೀರಿಕೊಂಡು ಇಂದಿಗೆ ಹದಿನೈದು ದಿನ. ಈಗ ಹಾಳೆ ಹಿಡಿದು ಕೂತಿದ್ದೇನೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ — ಅದು ನನ್ನಂಥವನನ್ನು ನೋಡಿಯೇ ಹುಟ್ಟಿದ ಗಾದೆ.

ಇದನ್ನು ಬೇರೆಯವರೂ ಓದಬಹುದು, ಆದ್ದರಿಂದ ನಿಮಗೆ ಗೊತ್ತಿರುವುದನ್ನೂ ಹೇಳುತ್ತೇನೆ. ನೀವು ನನ್ನ ಅಕ್ಕನ ಗಂಡ, ಮುನಿವೆಂಕಟಪ್ಪ. ಮುಳಬಾಗಿಲಿನ ಪೇಟೆ ಬೀದಿಯಲ್ಲಿ ನಿಮ್ಮದು ಕ್ಷೌರದ ಅಂಗಡಿ. ಅಲ್ಲಿ ನಿಮ್ಮ ಕೈಕೆಳಗೆ ಕತ್ತರಿ ಹಿಡಿದವನು ನಾನು. ಗೌನಿಪಲ್ಲಿ ಕಡೆಯಿಂದ ಸಂತೆಗೆ ಬರುವ ಮಾವಿನ ತೋಟದವರು ನನ್ನ ಮುಂದೆ ಕೂರುತ್ತಿರಲಿಲ್ಲ, ಎಷ್ಟು ಹೊತ್ತಾದರೂ ನಿಮಗಾಗಿ ಕಾಯುತ್ತಿದ್ದರು. ಅದನ್ನು ಕಂಡರೆ ನನಗೆ ಹೊಟ್ಟೆಯುರಿ. ಅದನ್ನೂ ಈಗಲೇ ಹೇಳಿಬಿಡುತ್ತೇನೆ.

ಯುದ್ಧ ಇನ್ನೂ ಶುರುವಾಗಿರದ ಕಾಲ ಅದು. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ನಿಮಗೆ ಜ್ವರ ಬಂತು. ಜ್ವರ ಇಳಿಯಿತು, ಬಲಗೈಯ ಜೋಮು ಇಳಿಯಲಿಲ್ಲ. ಕತ್ತಿ ಹಿಡಿದರೆ ಕೈ ನಡುಗುತ್ತಿತ್ತು. ನೀವು ಕತ್ತಿಯನ್ನು ಮಡಿಚಿಟ್ಟಿರಿ.

"ಎದುರಿಗೆ ಕೂತೋನು ಕಣ್ಮುಚ್ಚಿ ಕತ್ತು ಕೊಡ್ತಾನೆ ಕಣೋ ನಾರಾಯಣ. ಈ ಕೈ ಮೇಲೆ ನಂಗೇ ನಂಬ್ಕೆ ಬರೋವರ್ಗೂ ಮುಟ್ಟಲ್ಲ."

ಆ ನಂಬಿಕೆಯನ್ನು ನೀವು ಗಾಳದ ಕೋಲಿನಲ್ಲಿ ಅಳೆಯತೊಡಗಿದಿರಿ. ಊರಾಚೆಯ ಕೆರೆಯಲ್ಲಿ, ಏರಿಯಿಂದ ಸಾಕಷ್ಟು ದೂರಕ್ಕೆ, ಮಲಗಿದ ಎಮ್ಮೆಯಂಥ ಒಂದು ಬಂಡೆ. ಗಾಳ ಆ ಬಂಡೆಯನ್ನು ಮುಟ್ಟಿದ ಮರುದಿನವೇ ಅಂಗಡಿಗೆ ಬರುತ್ತೇನೆ ಎಂದಿರಿ. ಅಂದಿನಿಂದ ಪ್ರತಿ ಭಾನುವಾರ ನಾವಿಬ್ಬರೂ ಏರಿಯ ಮೇಲೆ.

ಕೋಲನ್ನು ತೂಗಿಸುವುದರಲ್ಲಿ ನಿಮ್ಮ ಸಮ ಯಾರೂ ಇರಲಿಲ್ಲ. ಹಿಡಿಯಿಂದ ಒಂದು ಗೇಣು ಮುಂದೆ ತೋರುಬೆರಳಿಟ್ಟು ಕೋಲನ್ನು ಮಲಗಿಸುತ್ತಿದ್ದಿರಿ. ತುದಿ ಬಾಗಿದರೆ ಬಿದಿರಿನ ಬುಡದ ಟೊಳ್ಳಿಗೆ ಸೀಸದ ಚೂರು ಹಾಕುತ್ತಿದ್ದಿರಿ. ಕೋಲು ಅತ್ತಿತ್ತ ಆಡದೆ ನಿಂತ ಮೇಲೆ ಅರಗು ಕಾಸಿ ಬಾಯಿ ಮುಚ್ಚುತ್ತಿದ್ದಿರಿ. "ತುದಿ ಭಾರ ಇದ್ರೆ ಮುಂಗೈ ಸಾಯ್ತೈತೆ ಕಣೋ. ಭಾರ ಹಿಂದಕ್ಕಿದ್ರೆ ಕೋಲು ತಾನೇ ಬೀಸ್ಕೊಳ್ತೈತೆ" ಎನ್ನುತ್ತಿದ್ದಿರಿ. ವಾರ ವಾರಕ್ಕೂ ನಿಮ್ಮ ಗಾಳ ಬಂಡೆಯ ಹತ್ತಿರ ಹತ್ತಿರ ಬೀಳತೊಡಗಿತು. ಯುಗಾದಿ ಕಳೆದ ಭಾನುವಾರ ಒಂದು ಮಾರು ಉಳಿಯಿತು, ಅಷ್ಟೇ. ಜ್ವರ ಬಂದಾಗಿನಿಂದ ನೀವು ನಕ್ಕಿದ್ದನ್ನು ಅವತ್ತೇ ಕಂಡಿದ್ದು. "ಬರೋ ವಾರ" ಎಂದಿರಿ.

ಆ ವಾರದ ನಡುವೆ ನಾನು ಕದ್ದೆ. ನನ್ನ ಕೋಲಿನ ತುದಿ ಭಾರವಾಗಿತ್ತು. ಕೋಲಾರದ ಪೇಟೆಗೆ ಹೋಗಿದ್ದರೆ ಸೀಸ ಸಿಗುತ್ತಿತ್ತು, ಹೋಗಲಿಲ್ಲ. ಅಕ್ಕ ನೀರಿಗೆ ಹೋಗಿದ್ದಾಗ ಸೂರಿಗೆ ಸಿಕ್ಕಿಸಿದ್ದ ನಿಮ್ಮ ಕೋಲನ್ನು ತೆಗೆದೆ, ಅರಗು ಕಿತ್ತು ಸೀಸ ಸುರಿದುಕೊಂಡೆ, ಟೊಳ್ಳಿಗೆ ತೆಂಗಿನ ನಾರು ತುರುಕಿ ಮತ್ತೆ ಅರಗು ಹಚ್ಚಿದೆ. ಗೊತ್ತಾದರೆ ಬೈಯುತ್ತಾರೆ, ವಾಪಸು ಕೊಟ್ಟರಾಯಿತು — ನಾನು ಯೋಚಿಸಿದ್ದು ಇಷ್ಟೇ. ನಿಮ್ಮ ಕೈಯ ವಿಷಯ ನೆನಪೇ ಆಗಲಿಲ್ಲ ಎಂದರೆ ಯಾರು ನಂಬುತ್ತಾರೆ? ಈಗ ನನಗೇ ನಂಬಿಕೆಯಿಲ್ಲ.

ಭಾನುವಾರ ನೀವು ಬೀಸಿದಿರಿ. ಗಾಳ ಅರ್ಧ ದಾರಿಯಲ್ಲೇ ಬಿತ್ತು. ಇನ್ನೊಮ್ಮೆ ಬೀಸಿದಿರಿ — ಇನ್ನೂ ಹತ್ತಿರಕ್ಕೇ ಬಿತ್ತು. ಮೂರನೆಯ ಸಲ ಕೋಲಿನ ತುದಿ ನೀರಿಗೇ ಇಳಿಯಿತು, ಮುಂಗೈ ಗಡಗಡ ನಡುಗಿತು. ಈಗ ಕೋಲನ್ನು ಬೆರಳ ಮೇಲಿಟ್ಟು ನೋಡುತ್ತಾರೆ, ಇನ್ನೇನು ನೋಡುತ್ತಾರೆ ಎಂದು ಕಾದೆ. ಊರಿಗೆಲ್ಲ ಕೋಲು ತೂಗಿಸಿ ಕೊಟ್ಟವರು ನೀವು — ಅವತ್ತು ಕೋಲನ್ನು ನೋಡಲೇ ಇಲ್ಲ. ನೋಡಿದ್ದು ಕೈಯನ್ನು. ನಿಮಗೆ ಮೊದಲೇ ಆ ಕೈಯ ಮೇಲೆ ಭಯವಿತ್ತು.

"ಹೋಯ್ತು ಕಣೋ. ಇದು ಹೋದ ಕೈ."

ಬಾಯಿ ತೆರೆದೆ. ಸೀಸ ನನ್ನ ಹತ್ತಿರ ಇದೆ ಭಾವ — ಇಷ್ಟು ಅಂದಿದ್ದರೆ ಸಾಕಿತ್ತು, ನಾಲ್ಕೇ ಮಾತು. ಏನು ಮಾಡುವುದೆಂದು ತೋಚದೆ ನನ್ನ ಕೋಲನ್ನು ಬೀಸಿದೆ. ಗಾಳ ಹೋಗಿ ಬಂಡೆಗೆ ಟಣ್ಣೆಂದು ತಗುಲಿತು. "ಶಭಾಷ್" ಎಂದಿರಿ ನೀವು. ಕಣ್ಣಲ್ಲಿ ನೀರು ತುಂಬಿಕೊಂಡು ಶಭಾಷ್ ಎಂದಿರಿ.

ಮರುದಿನ ಬೆಳಿಗ್ಗೆ ನಿಮ್ಮ ಹಡಪವನ್ನು — ಕತ್ತಿ, ಕತ್ತರಿ, ಸಾಣೆಕಲ್ಲು ಇಡುವ ಚರ್ಮದ ಚೀಲವನ್ನು — ನನ್ನ ಕೈಗಿತ್ತು "ಅಂಗ್ಡಿ ನೀನೇ ನೋಡ್ಕೋ" ಎಂದಿರಿ. ಆಗಲಾದರೂ ಹೇಳಬಹುದಿತ್ತು. ಆದರೆ ಹಡಪ ಕೈಗೆ ಬಂದಾಗ ನನಗೆ ಸಂತೋಷವಾಯಿತು ಭಾವ. ನಾಚಿಕೆಯ ಜೊತೆಗೇ ಸಂತೋಷವೂ ಆಯಿತು. ತೆಗೆದುಕೊಂಡೆ.

ನೀವು ಮಾವಿನ ತೋಪು ಕಾಯಲು ಹೋದಿರಿ. ಹೊಸಿಲು ದಾಟಿ ಕೂಲಿಗೆ ಹೋಗದಿದ್ದ ಅಕ್ಕ ಕಡಲೆಕಾಯಿ ಕೀಳಲು ಹೋದಳು. ಗೌನಿಪಲ್ಲಿಯವರು ದಾರಿಯಲ್ಲಿ ಸಿಕ್ಕು "ಚೇಯಿ ಎಲಾ ಉಂದಿ?" ಎಂದು ತೆಲುಗಿನಲ್ಲಿ ನಿಮ್ಮ ಕೈಯನ್ನು ವಿಚಾರಿಸಿದರೆ, "ಅದು ಹೋಯ್ತಲ್ಲ ಸ್ವಾಮಿ" ಎನ್ನುತ್ತಿದ್ದಿರಿ. ನಾನು ಪಕ್ಕದಲ್ಲೇ ನಿಂತು ಕೇಳಿದ್ದೇನೆ.

ಎರಡು ವರ್ಷ ಕಳೆದ ಮೇಲೆ ನನ್ನ ಮಗಳ ಅಂಗಾಲಿಗೆ ಜಾಲಿಮುಳ್ಳು ಮುರಿಯಿತು. ನೀವು ಸೂಜಿ ಹಿಡಿದು ಕೂತು ಅದನ್ನು ತೆಗೆದಿರಿ. ಬಲಗೈಯಲ್ಲಿ. ಮಗು ಅಳಲೂ ಇಲ್ಲ, ಕೈ ಒಂದಿಷ್ಟೂ ಅಲುಗಲಿಲ್ಲ. ನಾನು ಅದನ್ನು ನೋಡಿದೆ. ನಿಮಗೆ ಅದು ಗಮನಕ್ಕೇ ಬರಲಿಲ್ಲ. ಮುಳ್ಳನ್ನು ಬಿಸಾಡಿ ಬೀಡಿ ಹಚ್ಚಿದಿರಿ. ಅಷ್ಟರಲ್ಲಿ ಜನ ನಿಮ್ಮ ಅಂಗಡಿಯನ್ನು ನಾರಾಯಣಪ್ಪನ ಅಂಗಡಿ ಎನ್ನತೊಡಗಿದ್ದರು. ನಾನು ಸುಮ್ಮನಾದೆ. ಮೊದಲು ಮಾಡಿದ್ದು ಕಳ್ಳತನ. ಇದಕ್ಕೆ ಏನೆನ್ನಬೇಕೋ, ನನಗೆ ಗೊತ್ತಿಲ್ಲ.

ಪ್ರತಿ ಸೋಮವಾರ ನೀವು ಬರುತ್ತಿದ್ದಿರಿ, ನಿಮ್ಮದೇ ಹಳೆಯ ಕುರ್ಚಿಯಲ್ಲಿ ಕೂತು ಗಡ್ಡ ಮಾಡಿಸಿಕೊಳ್ಳುತ್ತಿದ್ದಿರಿ. ಕಣ್ಣು ಮುಚ್ಚಿ, ಕತ್ತು ಮೇಲಕ್ಕೆತ್ತಿ ಕೊಡುತ್ತಿದ್ದಿರಿ. ಏನೂ ತಿಳಿಯದ ಮನುಷ್ಯ ಎಂದುಕೊಳ್ಳುತ್ತಿದ್ದೆ.

ಮೊನ್ನೆ ಅಕ್ಕ ಆ ಕೋಲನ್ನು ತಂದು ನನ್ನ ಮುಂದಿಟ್ಟಳು. "ಇದನ್ನ ನಿಂಗೇ ಕೊಡ್ಬೇಕು ಅಂದಿದ್ರು ಕಣೋ" ಎಂದಳು. ಅಭ್ಯಾಸಬಲದಿಂದ ಅದನ್ನು ಬೆರಳ ಮೇಲಿಟ್ಟೆ. ಕೋಲು ಮಲಗಿತು. ತುದಿ ಬಾಗಲಿಲ್ಲ, ಬುಡ ಇಳಿಯಲಿಲ್ಲ. ತಿರುಗಿಸಿ ನೋಡಿದೆ — ಬುಡದ ಅರಗು ನಾನು ಹಚ್ಚಿದ್ದಲ್ಲ, ಹೊಸದು.

"ಯಾವಾಗಕ್ಕ ಇದು?"

"ಹೋದ ದೀಪಾವಳಿಗೆ ಸುಣ್ಣ ಹೊಡ್ಯೋವಾಗ ಸೂರಿಂದ ತೆಗೆದ್ರು. ಬೆರಳ ಮೇಲಿಟ್ಟು ನೋಡ್ದೋರು ಹಂಗೇ ಕೂತ್ಬಿಟ್ರು. ಅರಗು ಕಿತ್ರು, ಒಳ್ಗಿಂದ ನಾರು ಎಳೆದ್ರು. ಎರಡು ದಿನ ಮುದ್ದೆ ಮುಟ್ಲಿಲ್ಲ. ಆಮೇಲೆ ಕೋಲಾರದಿಂದ ಸೀಸ ತರ್ಸಿ ತುಂಬಿದ್ರು. ಯಾಕೋ, ನಂಗೇನು ಗೊತ್ತು?"

ದೀಪಾವಳಿ! ಅಲ್ಲಿಂದಾಚೆ ಒಂದು ಸೋಮವಾರವೂ ತಪ್ಪಲಿಲ್ಲ. ಬಂದಿರಿ, ಕೂತಿರಿ, ಕಣ್ಣು ಮುಚ್ಚಿದಿರಿ, ಕತ್ತು ಕೊಟ್ಟಿರಿ. ಎಲ್ಲವನ್ನೂ ತಿಳಿದೂ ಕೊಟ್ಟಿರಿ. ನಾನು ಹೇಳುತ್ತೇನೆಂದು ಕಾಯುತ್ತಿದ್ದಿರಾ? ಒಂದೊಂದು ಸೋಮವಾರವೂ... ನಾನು ಮಳೆ, ಬೆಳೆ, ಸಂತೆಯ ಸುದ್ದಿ ಮಾತಾಡುತ್ತಿದ್ದೆ.

ಇದನ್ನು ಕ್ಷಮೆ ಎಂದುಕೊಂಡರೆ ನನಗೆ ಹಗುರಾಗುತ್ತದೆ. ಅಂದುಕೊಳ್ಳುವುದಿಲ್ಲ. ನೀವು ಕ್ಷಮಿಸಿದ್ದರೂ ಅದು ನಿಮ್ಮ ಪಾಲಿನದು ಮಾತ್ರ. ಅಕ್ಕನ ಪಾಲು ಹಾಗೇ ಇದೆ. ಅವಳ ಅಂಗೈಗಳನ್ನು ಮೊನ್ನೆ ಮೊದಲ ಸಲ ಸರಿಯಾಗಿ ನೋಡಿದೆ. ಕಡಲೆಕಾಯಿ ಗಿಡ ಕಿತ್ತು ಕಿತ್ತು ಒಡೆದು ಹೋಗಿವೆ.

ಅಕ್ಕನಿಗೆ ಓದು ಬಾರದು. ನಾಳೆ ಅಂಗಡಿ ತೆರೆಯುವುದಿಲ್ಲ. ಹಡಪವನ್ನು ಅವಳ ಮುಂದಿಟ್ಟು, ಈ ಹಾಳೆಯನ್ನು ನಾನೇ ಓದಿ ಹೇಳುತ್ತೇನೆ. ಸೀಸವನ್ನು ಕದ್ದವನು ನಾನು ಎಂಬಲ್ಲಿಂದ ಶುರುಮಾಡುತ್ತೇನೆ.