ಅತ್ತೆ ಚೀಪಿದ ಪಕ್ಕೆಲುಬು

ಅದು ೧೯೬೨ರ ಮಾತು. ಸಂಪಾಜೆ ಘಟ್ಟದ ಮೇಲಿನ ತವರಿನಿಂದ ಸುಳ್ಯದ ಹತ್ತಿರದ ಈ ಮನೆಗೆ ನಾನು ಸೊಸೆಯಾಗಿ ಬಂದು ವರ್ಷವೂ ತುಂಬಿರಲಿಲ್ಲ. ಅಷ್ಟರಲ್ಲಿ ಅತ್ತೆ ಜ್ವರ ಬಂದು ಮಲಗಿಬಿಟ್ಟರು. ಜ್ವರವೇನೋ ಬಿಟ್ಟಿತು, ಬಾಯಿರುಚಿ ಮಾತ್ರ ಕೆಟ್ಟೇ ಹೋಯಿತು. ಗಂಜಿ ಕೊಟ್ಟರೆ ಬಟ್ಟಲು ದೂಡುತ್ತಿದ್ದರು.

"ಹೀಗೆ ಹೊಟ್ಟೆಗೆ ಎಂತದೂ ಬೀಳದಿದ್ರೆ ಇವರು ಏಳುದು ಕಷ್ಟ ಉಂಟು" ಎಂದ ಊರಿನ ಆಯುರ್ವೇದ ಪಂಡಿತರು, ಹಸಿವಾಗಲೆಂದು ಅರಿಷ್ಟವೆಂಬ ಕಪ್ಪು ಮದ್ದನ್ನು ಒಂದು ಬಾಟಲಿ ಕೊಟ್ಟರು. ಅದನ್ನು ಕುಡಿಸುವ ಕೆಲಸ ನನ್ನ ತಲೆಗೆ ಬಂತು. ಅತ್ತೆ ದಿನಾ ಅದನ್ನು ಉಗಿಯುತ್ತಿದ್ದರು, ನನಗೆ ದಿನಾ ಬೈಗುಳ. ಮೊದಲೇ ಅವರಿಗೆ ನನ್ನ ಅಡುಗೆ ಹಿಡಿಸುತ್ತಿರಲಿಲ್ಲ. "ಘಟ್ಟದವರಿಗೆ ಎಂತ ಅಡುಗೆ ಗೊತ್ತುಂಟು?" ಎನ್ನುತ್ತಿದ್ದರು. ನನಗೂ ಮೂಗಿನ ತುದಿಯಲ್ಲೇ ಸಿಟ್ಟು. ಆದರೂ ದಿನೇ ದಿನೇ ಬಡಕಲಾಗುತ್ತಿದ್ದ ಅವರನ್ನು ನೋಡಿ ಹೆದರಿಕೆಯಾಗುತ್ತಿತ್ತು.

ಒಂದು ಸಂಜೆ ನೆರೆಯವರು ಬೇಟೆಯಾಡಿದ ಹಂದಿಯಲ್ಲಿ ನಮ್ಮ ಪಾಲಿಗೆ ಪಕ್ಕೆಲುಬು ಬಂತು. ಅತ್ತೆಗೆ ಹಂದಿ ಎಂದರೆ ಪ್ರಾಣ. ಅವರ ಕ್ರಮ ಪುನರ್ಪುಳಿಯ ಹುಳಿ ಹಾಕಿ ಸಾರು ಮಾಡುವುದು. ನಾನು ಮಾತ್ರ ಆವತ್ತು ತವರಿನ ಕ್ರಮವನ್ನೇ ಹಿಡಿದೆ. ಎಲುಬನ್ನು ಮೆತ್ತಗೆ ಬೇಯಿಸಿದೆ. ಕೊತ್ತಂಬರಿ, ಕಾಳುಮೆಣಸು ಹುರಿದು, ಶುಂಠಿ, ಬೆಳ್ಳುಳ್ಳಿ, ಜೀರಿಗೆಮೆಣಸು ಸೇರಿಸಿ ಅರೆದೆ. ಇನ್ನು ಬೇಕಾದದ್ದು ಕಾಚಂಪುಳಿ. ಹುಳಿಹಣ್ಣಿನ ರಸವನ್ನು ಕಪ್ಪಗಾಗುವ ತನಕ ಕುದಿಸಿ ಅಮ್ಮ ಬಾಟಲಿಯಲ್ಲಿ ಕೊಟ್ಟಿದ್ದಳು. ನನ್ನ ಕೈಯೆಲ್ಲ ಮಸಾಲೆ. "ಆ ಕಪ್ಪು ಹುಳಿ ಸ್ವಲ್ಪ ಹೊಯ್ಯಿರಿ" ಎಂದು ಗಂಡನಿಗೆ ಹೇಳಿದೆ. ಧಾರಾಳವಾಗಿ ಹೊಯ್ದರು. ಕಲಸಿ, ಸವರಿ, ತೆಂಗಿನ ಗೆರಟೆಯ ಕೆಂಡದ ಮೇಲೆ ಸುಟ್ಟೆ. ಎಂತಹ ಪರಿಮಳ!

"ಎಂತ ಅದು? ಇಲ್ಲಿ ತಾ" ಎಂದು ಒಳಗಿನಿಂದ ಅತ್ತೆಯ ದನಿ ಬಂತು. ಖುಷಿಯಲ್ಲಿ ಓಡಿ ಹೋಗಿ ಕೊಟ್ಟೆ. ಬಾಗಿಲ ಬಳಿ ಬಂದು ಬೆರಳಿಗೆ ಅಂಟಿದ್ದನ್ನು ನೆಕ್ಕಿ ನೋಡಿದೆ. ಸಿಹಿ, ಒಗರು, ಕಷಾಯದ ವಾಸನೆ. ಇವರು ಕಾಚಂಪುಳಿಯ ಬದಲು ಅರಿಷ್ಟ ಹೊಯ್ದಿದ್ದರು! ಬಾಗಿಲಿಗೇ ಕರೆದು ಕೇಳಿದೆ.

"ಎರಡೂ ಕಪ್ಪು, ಎರಡೂ ಬಾಟಲಿ. ನನಗೆಂತ ಗೊತ್ತು ಮಾರಾಯ್ತಿ?" ಎಂದು ಇವರು ಪಿಸುಗುಟ್ಟಿದರು. ನನಗೆ ಅಳು ಉಕ್ಕಿಬಂತು. ಈಗ ತಟ್ಟೆ ಹಾರುತ್ತದೆ ಎಂದು ಕಾಯುತ್ತಾ ನಿಂತೆ. ಅತ್ತೆ ಮಾತ್ರ ನಿಧಾನವಾಗಿ ಎಲುಬು ಚೀಪಿ, "ಇನ್ನೊಂದು ಉಂಟಾ? ಸ್ವಲ್ಪ ಗಂಜಿಯೂ ತಾ" ಎಂದರು.

ಆವತ್ತಿನಿಂದ ಅತ್ತೆಗೆ ಊಟ ಸೇರತೊಡಗಿತು. ಎದ್ದು ಓಡಾಡುವಂತಾದ ಮೇಲೆ ಒಂದು ದಿನ ಅಡುಗೆಮನೆಯಲ್ಲಿ, "ಅತ್ತೇ, ಆ ದಿನ ಒಂದು ತಪ್ಪಾಗಿತ್ತು" ಎಂದು ಹೇಳಹೊರಟೆ.

"ಗೊತ್ತುಂಟು. ದಿನಾ ಉಗಿದ ಮದ್ದಿನ ರುಚಿ ನನಗೆ ಗೊತ್ತಾಗುದಿಲ್ವಾ? ಮೊದಲ ತುಂಡಿಗೇ ಗೊತ್ತಾಯ್ತು."

"ಮತ್ತೆ ಯಾಕೆ ತಿಂದಿರಿ?"

"ನೀನು ಬಾಗಿಲಲ್ಲಿ ಕಣ್ಣು ತುಂಬಿಸಿಕೊಂಡು ನಿಂತಿದ್ದಿ. ಉಗಿಯುದು ಹೇಗೆ ಹೆಣ್ಣೇ?"

ಅತ್ತೆ ಆಮೇಲೂ ನನ್ನನ್ನು ಬೈಯುವುದು ಬಿಡಲಿಲ್ಲ. ಆದರೆ ಆ ಬೈಗುಳದಿಂದ ನನಗೆ ಮತ್ತೆಂದೂ ನೋವಾಗಲಿಲ್ಲ.