ಬೇಕರಿ ಅಕ್ಕನ ಚೋಕ್

ಕಳೆದ ವಾರ ಗ್ಯಾರೇಜಿನ ನಟ್ಟು ಬೋಲ್ಟುಗಳ ಹಳೆಯ ಡಬ್ಬಿಯನ್ನು ನೆಲದ ಮೇಲೆ ಸುರಿದಾಗ ಒಂದು ಚೋಕ್ ನಾಬ್ ಉರುಳಿಕೊಂಡು ಬಂತು. ಹೆಬ್ಬೆರಳಿನಷ್ಟು ದಪ್ಪದ ಕಪ್ಪು ಪ್ಲಾಸ್ಟಿಕ್ ಗುಂಡಿ. ಅದರ ಕತ್ತಿನ ಹತ್ತಿರ ಯಾವುದೋ ಪಟ್ಟಿ ಉಜ್ಜಿ ಉಜ್ಜಿ ಸವೆದ ಗುರುತು. ಇವತ್ತು ಗಾಡಿ ಓಡಿಸುವವರಿಗೆ ಇದು ಏನೆಂದೇ ಗೊತ್ತಿಲ್ಲ. ಹಿಂದೆ ಬೆಳಗಿನ ಚಳಿಗೆ ಎಂಜಿನ್ ಏಳದಿದ್ದರೆ ಇದನ್ನು ಎಳೆಯಬೇಕಿತ್ತು. ಕಾರ್ಬುರೇಟರಿಗೆ ಗಾಳಿ ಕಡಿಮೆಯಾಗಿ, ಪೆಟ್ರೋಲ್ ಜಾಸ್ತಿ ಹೋಗಿ ಗಾಡಿ ಏಳುತ್ತಿತ್ತು. ಬೆಚ್ಚಗಾದ ಮೇಲೆ ಒಳಗೆ ತಳ್ಳಿಬಿಡಬೇಕು. ನಾಬನ್ನು ಮೂಗಿನ ಹತ್ತಿರ ಹಿಡಿದೆ. ಬೆಣ್ಣೆ ಬಿಸ್ಕತ್ತಿನ ವಾಸನೆ ಬಂತು ಎಂದರೆ ಸುಳ್ಳಾದೀತು... ಆದರೆ ಬೇಕರಿ ಅಕ್ಕ ನೆನಪಾದರು.

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅವರ ಬೇಕರಿ ಇತ್ತು. ಯಜಮಾನರು ಒಲೆ ಬಿಟ್ಟು ಕದಲುವವರಲ್ಲ. ಗಾಡಿ ಪೂರ್ತಿ ಅಕ್ಕನದು. ಬೆಳಿಗ್ಗೆ ಐದೂವರೆಗೆ ಬ್ರೆಡ್ಡು, ಬನ್ನಿನ ಟ್ರೇಗಳನ್ನು ತುಂಬಿಕೊಂಡು ಶಿವಮೊಗ್ಗಕ್ಕೆ ಹೊರಟರೆ, ಅಲ್ಲಿನ ಗೋಪಾಳ ಬಡಾವಣೆಯ ಕೊನೆಯ ಅಂಗಡಿಗೂ ಹಾಕಿ ಒಂಬತ್ತರ ಒಳಗೆ ವಾಪಸ್. ತೊಂಬತ್ತರ ದಶಕದಲ್ಲಿ ಹೆಂಗಸೊಬ್ಬರು ಸರಕಿನ ಗಾಡಿ ಓಡಿಸುವುದೆಂದರೆ ಜನ ನಿಂತು ನೋಡುತ್ತಿದ್ದರು. ಹಾಗೆ ನೋಡುವವರಿಗೆ ಅಕ್ಕ ಒಂದು ಹಾರನ್ ಹೊಡೆದು ಮುಂದೆ ಹೋಗುತ್ತಿದ್ದರು. ಮೊದಲು ಅವರ ಹತ್ತಿರ ಹಳೆಯ ವ್ಯಾನ್ ಇತ್ತು. ಅದರ ಮೈಯೆಲ್ಲ ತುಕ್ಕು ಹಿಡಿದ ಮೇಲೆ ಬೇಕರಿಯ ಹಿಂದೆ ಟಾರ್ಪಾಲಿನ ಕೆಳಗೆ ನಿಲ್ಲಿಸಿ, ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ಪುಟ್ಟದೊಂದು ಪೆಟ್ರೋಲ್ ಪಿಕಪ್ ತಂದರು. ಕಾರ್ಬುರೇಟರ್ ಇಲ್ಲದ, ಕಂಪ್ಯೂಟರ್ ಹೇಳಿದಷ್ಟೇ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಗಾಡಿ. ಕೀ ತಿರುಗಿಸಿದರೆ ಸಾಕು. ತನ್ನ ಕೈಗೆ ಕೆಲಸವೇ ಇಲ್ಲದ ಹಾಗಾಯಿತು ಎಂದು ಅಕ್ಕ ಗೊಣಗುತ್ತಿದ್ದರು.

ನಾನು ಆಗಷ್ಟೇ ಸ್ವಂತ ಗ್ಯಾರೇಜ್ ಹಾಕಿ ಒಂದು ವರ್ಷವಾಗಿತ್ತು. ಕೈಗಿಂತ ಬಾಯಿ ಮುಂದು. ಹೆಂಗಸರ ಗಾಡಿಯಲ್ಲಿ ಚೋಕ್ ಇರುವುದೇ ಬ್ಯಾಗ್ ನೇತುಹಾಕಲಿಕ್ಕೆ ಎಂಬ ಹಳಸಲು ಜೋಕನ್ನು ನಾಲ್ಕು ಜನರ ಮುಂದೆ ಜೋರಾಗಿ ಹೇಳಿ ನಕ್ಕ ದಿನ, ಅಕ್ಕ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಬೈಯಲಿಲ್ಲ. ಒಳ್ಳೆ ಉಪಾಯ, ವ್ಯಾನ್ ಓಡಿಸುವಾಗ ಹೊಳೆದೇ ಇರಲಿಲ್ಲ ಎಂದು ಹೇಳಿ ಹೊರಟುಹೋದರು. ನನ್ನ ಮುಖ ನೋಡಬೇಕಿತ್ತು.

ಆ ಹೊಸ ಪಿಕಪ್ಪಿಗೆ ಶನಿ ಬಂದದ್ದು ಇಲಿಯ ರೂಪದಲ್ಲಿ. ಬ್ರೆಡ್ಡಿನ ಪುಡಿ ಬೀಳುವ ಗಾಡಿ, ಇಲಿಗಳಿಗೆ ಹಬ್ಬ. ಸೀಟಿನ ಕೆಳಗೆ ಸೇರಿಕೊಂಡು ವೈರುಗಳನ್ನೆಲ್ಲ ಕಡಿದು, ಶಾರ್ಟ್ ಆಗಿ ಕಂಪ್ಯೂಟರ್ ಡಬ್ಬಿಯೇ ಸುಟ್ಟುಹೋಯಿತು. ಹೊಸದು ಬೆಂಗಳೂರಿನಿಂದ ಬರಬೇಕು, ಯಾವಾಗ ಬರುತ್ತದೆಂದು ಹೇಳಲಾಗದು ಎಂಬ ಉತ್ತರ ಸಿಕ್ಕಿತು. ಅಕ್ಕ ಮೂರು ದಿನ ಆಟೋದಲ್ಲಿ ಟ್ರೇ ಸಾಗಿಸಿದರು. ಬನ್ನು ಅಪ್ಪಚ್ಚಿಯಾಯಿತು, ಹೊತ್ತಿಗೆ ತಲುಪಲಿಲ್ಲ. ಗೋಪಾಳದ ಅಂಗಡಿಯವರು ಸೋಮವಾರದವರೆಗೆ ಕಾಯುತ್ತೇವೆ, ಆಮೇಲೆ ಬೇರೆ ಬೇಕರಿಯಿಂದ ತರಿಸಿಕೊಳ್ಳುತ್ತೇವೆ ಎಂದುಬಿಟ್ಟರು. ಹತ್ತು ವರ್ಷ ಕಟ್ಟಿದ ಅಂಗಡಿಗಳ ಲೈನು ಕೈತಪ್ಪಿಹೋಗುವುದರಲ್ಲಿತ್ತು.

ಉಪಾಯ ಹೊಳೆದದ್ದು ನನಗಲ್ಲ, ಅಕ್ಕನಿಗೇ. "ಹಿಂದೆ ನಿಂತಿರೋ ವ್ಯಾನಿನ ಎಂಜಿನ್ ತೆಗೆದು ಇದಕ್ಕೆ ಹಾಕಕ್ಕೆ ಬರುತ್ತಾ, ಮೇಸ್ತ್ರಿ?" ಎಂದು ಕೇಳಿದರು. ನಮ್ಮ ಸಾಲಿನ ಗ್ಯಾರೇಜಿನವರೆಲ್ಲ ನಕ್ಕರು. ಹಳೆಯ ಗಾಡಿಗೆ ಹೊಸ ಎಂಜಿನ್ ಹಾಕುವುದನ್ನು ಕಂಡಿದ್ದೇವೆ, ಹೊಸ ಗಾಡಿಗೆ ಹಳೆಯದನ್ನು ಹಾಕುವ ಬುದ್ಧಿವಂತರು ಯಾರು ಎಂದರು. ಆ ನಗು ಕೇಳಿ ನನಗೆ ರೇಗಿತು. ಎಲ್ಲರಿಗೂ ಕೇಳುವ ಹಾಗೆ, ಸೋಮವಾರ ಬೆಳಿಗ್ಗೆ ಅಕ್ಕನ ಬ್ರೆಡ್ಡು ಇದೇ ಪಿಕಪ್ಪಿನಲ್ಲಿ ಹೋಗುತ್ತದೆ ಎಂದು ಮಾತು ಕೊಟ್ಟುಬಿಟ್ಟೆ. ತಪ್ಪಿದರೆ ಅಕ್ಕನ ಲೈನಿನ ಜೊತೆ ನನ್ನ ಹೆಸರೂ ಹೋಗುತ್ತಿತ್ತು.

ಎರಡೂ ಒಂದೇ ಕಂಪನಿಯವಾದ್ದರಿಂದ ಎಂಜಿನ್ ಸೀಟಿನ ಕೆಳಗಿನ ಅದರ ಜಾಗದಲ್ಲಿ ಹೆಚ್ಚು ತಕರಾರಿಲ್ಲದೆ ಕೂತಿತು. ಗೇರ್ ಬಾಕ್ಸ್ ಹೊಂದಿತು. ಕಡಿದುಹೋದ ವೈರುಗಳನ್ನು ತೆಗೆದೆಸೆದು, ಹಳೆಯ ಎಂಜಿನ್ನಿಗೆ ಬೇಕಾದ ನಾಲ್ಕೇ ನಾಲ್ಕು ವೈರು ಎಳೆದೆ. ಉಳಿದದ್ದು ಚೋಕ್. ಹೊಸ ಡ್ಯಾಶ್‌ಬೋರ್ಡಿನಲ್ಲಿ ಅದಕ್ಕೆ ತೂತೇ ಇರಲಿಲ್ಲ. ಗೀರು ಬೀಳದ ಡ್ಯಾಶ್‌ಬೋರ್ಡ್. ಡ್ರಿಲ್ ಹಿಡಿದು ನಿಂತವನಿಗೆ ಕೈ ಬರಲಿಲ್ಲ. ಕಣ್ಣಿಗೆ ಕಾಣದ ಹಾಗೆ ಸೀಟಿನ ಕೆಳಗೆ ಕೊಡುತ್ತೇನೆ ಎಂದೆ. ಅಕ್ಕ ಒಪ್ಪಲಿಲ್ಲ. "ಕೊಡು ಮಾರಾಯ ಇಲ್ಲಿ" ಎಂದು ಡ್ರಿಲ್ ಕಿತ್ತುಕೊಂಡು, ಹಳೆಯ ವ್ಯಾನಿನಲ್ಲಿ ತಮ್ಮ ಎಡಗೈ ಎಲ್ಲಿಗೆ ಹೋಗುತ್ತಿತ್ತೋ ಸರಿಯಾಗಿ ಅಲ್ಲೇ ತೂತು ಕೊರೆದರು. ಕೊರೆದ ಪುಡಿಯನ್ನು ಬಾಯಿಂದ ಊದಿ, ಡ್ರಿಲ್ಲನ್ನು ನನ್ನ ಕೈಗಿಟ್ಟರು.

ಭಾನುವಾರ ಮಧ್ಯಾಹ್ನ ಎಲ್ಲ ಮುಗಿಯಿತು. ಪಕ್ಕದ ಗ್ಯಾರೇಜಿನವರೆಲ್ಲ ಬಾಗಿಲು ಹಾಕಿ ಹೋಗಿದ್ದರು, ಇದ್ದದ್ದು ನಾವಿಬ್ಬರೇ. ಅಕ್ಕ ಸೀಟಿನಲ್ಲಿ ಕೂತು ಚೋಕ್ ಎಳೆದು, ಕೀ ತಿರುಗಿಸಿ ಸೆಲ್ಫ್ ಹೊಡೆದರು. ಎಂಜಿನ್ ಎದ್ದಿತು. ನಾನು ಖುಷಿಯಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದೆ. ಹತ್ತು ಎಣಿಸುವಷ್ಟರಲ್ಲಿ ಅಕ್ಕ ಕೀ ಆಫ್ ಮಾಡಿ ಕೆಳಗಿಳಿದರು. "ಪೆಟ್ರೋಲ್ ವಾಸನೆ ಮೇಸ್ತ್ರಿ. ಸೀಟ್ ಎತ್ತು."

ಎತ್ತಿದೆ. ಕಾರ್ಬುರೇಟರ್ ತುಂಬಿ ಎಂಜಿನ್ನಿನ ಮೇಲೆಲ್ಲ ಪೆಟ್ರೋಲ್ ಸುರಿದಿತ್ತು. ತಪ್ಪು ನನ್ನದೇ. ಇಂಜೆಕ್ಷನ್ ಗಾಡಿಯ ಟ್ಯಾಂಕಿನೊಳಗೆ ಕರೆಂಟಿನ ಪಂಪ್ ಇರುತ್ತದೆ. ಅದು ಪೆಟ್ರೋಲನ್ನು ಭಾರೀ ಒತ್ತಡದಲ್ಲಿ ತಳ್ಳುತ್ತದೆ. ಹಳೆಯ ಎಂಜಿನ್ನಿಗೆ ತನ್ನದೇ ಸಣ್ಣ ಪಂಪ್ ಇತ್ತು, ಅದಕ್ಕೆ ಅಷ್ಟೇ ಸಾಕು. ಇದ್ದದ್ದು ಇರಲಿ ಎಂದು ನಾನು ಟ್ಯಾಂಕಿನ ಪಂಪಿಗೂ ಕೀಯಿಂದ ನೇರವಾಗಿ ಕರೆಂಟ್ ಕೊಟ್ಟುಬಿಟ್ಟಿದ್ದೆ. ಇನ್ನೊಂದು ನಿಮಿಷ ಓಡಿದ್ದರೆ ಬೆಂಕಿ ಹತ್ತುತ್ತಿತ್ತು, ಅದೂ ಅಕ್ಕ ಕೂತ ಸೀಟಿನ ಕೆಳಗೇ. ಮೊದಲು ಬ್ಯಾಟರಿಯ ವೈರು ಬಿಚ್ಚಿದೆ. ಅಕ್ಕ ಒಂದು ಲೋಟ ನೀರು ಕೊಟ್ಟು, ಈಗ ಏನು ಮಾಡಬೇಕೋ ಅದನ್ನು ಮಾಡು ಎಂದರು. ಟ್ಯಾಂಕ್ ಇಳಿಸಿ, ಒಳಗಿನ ಪಂಪ್ ಕಿತ್ತು, ಅದರ ಜಾಗಕ್ಕೆ ಬರೀ ಪೈಪ್ ಕೊಟ್ಟೆ. ಎಲ್ಲ ಒರೆಸಿ, ಒಣಗಿಸಿ, ಸಂಜೆ ಮತ್ತೆ ಕೀ ತಿರುಗಿಸಿದಾಗ ಒಂದು ಹನಿಯೂ ಸೋರಲಿಲ್ಲ.

ಸೋಮವಾರ ಬೆಳಿಗ್ಗೆ ಟ್ರೇಗಳ ಜೊತೆ ನಾನೂ ಹತ್ತಿದೆ. ಅಕ್ಕ ಚೋಕ್ ಎಳೆದರು, ಸದ್ದು ಕೇಳುತ್ತ ಅರ್ಧ ತಳ್ಳಿದರು, ಬೈಪಾಸ್ ಹತ್ತಿರ ಪೂರ್ತಿ ತಳ್ಳಿದರು. ಆಮೇಲೆ ನನ್ನ ಕಡೆ ಒಂದು ಸಲ ನೋಡಿ, ಬಿಲ್ ಪುಸ್ತಕದ ಬ್ಯಾಗನ್ನು ಆ ನಾಬಿಗೆ ನೇತುಹಾಕಿದರು. ಹಾಗೆ ನೇತುಹಾಕಿದರೆ ಚೋಕ್ ಮತ್ತೆ ಹೊರಗೆ ಜಾರುತ್ತದೆ ಎಂದು ಹೇಳುವ ಧೈರ್ಯ ನನಗೆಲ್ಲಿಂದ ಬರಬೇಕು? ಗೋಪಾಳದ ಅಂಗಡಿ ಬಾಗಿಲು ತೆಗೆಯುವ ಮೊದಲೇ ನಾವು ಅಲ್ಲಿದ್ದೆವು.

ಆ ಪಿಕಪ್ ಮುಂದೆ ಎಷ್ಟೋ ವರ್ಷ ಓಡಿತು. ಎಂಜಿನ್ ಬದಲಾದದ್ದನ್ನು ಆರ್‌ಟಿಓ ಕಾಗದದಲ್ಲೂ ಏರಿಸಿದೆವು. ಶಿವಮೊಗ್ಗದಿಂದಲೂ ಮೆಕ್ಯಾನಿಕ್‌ಗಳು ಬಂದು ಸೀಟೆತ್ತಿ ನೋಡಿಕೊಂಡು ಹೋದರು. ನನ್ನ ಗ್ಯಾರೇಜು ನಿಂತದ್ದೇ ಆ ಒಂದು ಕೆಲಸದಿಂದ. ಇಂದಿಗೂ ಅದನ್ನು ನೆನೆದರೆ ಎದೆ ಉಬ್ಬುತ್ತದೆ, ಅದನ್ನು ಯಾಕೆ ಮುಚ್ಚಿಡಲಿ.

ಅಕ್ಕ ತೀರಿಕೊಂಡ ವರ್ಷ ಯಜಮಾನರು ಪಿಕಪ್ಪನ್ನು ಗುಜರಿಗೆ ಕೊಟ್ಟರು. ಕೊಡುವ ಮೊದಲು ನನ್ನನ್ನು ಕರೆಸಿ, ಏನಾದರೂ ಬೇಕಿದ್ದರೆ ಬಿಚ್ಚಿಕೋ ಎಂದರು. ನಾನು ಚೋಕ್ ಬಿಚ್ಚಿಕೊಂಡೆ.

"ಒಂದೇ ಸೆಲ್ಫ್‌ಗೆ ಎದ್ದು ಸರಿಯಾಗಿ ಓಡಿತಂತೆ ಅಲ್ವಾ ಆವತ್ತು? ಬಂದೋರಿಗೆಲ್ಲ ಅದನ್ನೇ ಹೇಳೋಳು" ಎಂದರು ಯಜಮಾನರು.

ಬೆಂಕಿಯಿಂದ ಕೂದಲೆಳೆಯಲ್ಲಿ ಪಾರಾದದ್ದನ್ನು ಅಕ್ಕ ಗಂಡನಿಗೂ ಹೇಳಿರಲಿಲ್ಲ... ಇಷ್ಟು ವರ್ಷ. ಹೌದು, ಒಂದೇ ಸೆಲ್ಫ್‌ಗೆ ಎಂದೆ. ಅಕ್ಕ ಕಾಪಾಡಿಕೊಂಡು ಬಂದ ಮಾತನ್ನು ಅವರದೇ ಅಂಗಳದಲ್ಲಿ ನಿಂತು ಮುರಿಯಲಾಗಲಿಲ್ಲ.

ಈಗ ಯಜಮಾನರೂ ಇಲ್ಲ, ಬೇಕರಿಯೂ ಇಲ್ಲ. ಆದ್ದರಿಂದ ಇಲ್ಲಿ ಹೇಳಿಬಿಡುತ್ತೇನೆ: ಒಂದೇ ಸೆಲ್ಫ್‌ಗೆ ಅಲ್ಲ, ಎರಡನೆಯದಕ್ಕೆ. ಮೊದಲ ಸಲ ಎದ್ದ ಎಂಜಿನ್ನನ್ನು ಬೆಂಕಿ ಹತ್ತುವ ಮೊದಲೇ ಆಫ್ ಮಾಡಿದವರು ಅಕ್ಕ.

ನಾಬನ್ನು ಮತ್ತೆ ಡಬ್ಬಿಗೆ ಹಾಕಲಿಲ್ಲ. ಗ್ಯಾರೇಜಿನ ಗೋಡೆಗೆ ಭದ್ರವಾಗಿ ಕೂರಿಸಿದ್ದೇನೆ. ದಿನಾ ಬೆಳಿಗ್ಗೆ ನನ್ನ ಊಟದ ಬ್ಯಾಗನ್ನು ಅದಕ್ಕೇ ನೇತುಹಾಕುತ್ತೇನೆ.