ಮ್ಯಾನೇಜರಿಗೆ ತಪ್ಪಿದ ಶಾಲು

ಸುದ್ದಿ ಬಂದದ್ದು ಟಿವಿಡೇಲ್‌ನ ಬಾಲಾಜಿ ಗುಡಿಯ ಕಾರ್ ಪಾರ್ಕಿನಲ್ಲಿ, ಆಗ ನನ್ನ ಕೈಯಲ್ಲಿ ಪುಳಿಯೋಗರೆ ಇತ್ತು ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ಅದು ಮೊಸರನ್ನ, ಅದೂ ನಮ್ಮ ಮನೆಯಲ್ಲಿ, ಎನ್ನುತ್ತಾಳೆ ಹೆಂಡತಿ. ನನ್ನ ನೆನಪುಗಳಲ್ಲಿ ತೀರ ಸ್ಪಷ್ಟವಾಗಿರುವವನ್ನೇ ನಾನು ಹೆಚ್ಚು ಅನುಮಾನಿಸುವುದು. ಆದ್ದರಿಂದ ತಿಂಡಿಯ ಮಾತು ಬಿಡೋಣ. ಸುದ್ದಿಯಂತೂ ನಿಜ. ಶೆಫೀಲ್ಡಿನ ನಮ್ಮ ಬೇಸ್‌ಬಾಲ್ ತಂಡವನ್ನು ಸತತ ಎರಡು ವರ್ಷ ಗೆಲ್ಲಿಸಿದ ಮ್ಯಾನೇಜರು ನಾಟಿಂಗ್‌ಹ್ಯಾಮಿನ ತಂಡಕ್ಕೆ ಹೊರಟಿದ್ದರು.

ತಂಡ ದೊಡ್ಡದೇನಲ್ಲ. ಭಾನುವಾರ ಪಾರ್ಕಿನಲ್ಲಿ ಆಡುವ ಹವ್ಯಾಸಿಗಳು. ಮ್ಯಾನೇಜರು ವಾರವಿಡೀ ಶಾಲೆಯಲ್ಲಿ ಭೂಗೋಳ ಕಲಿಸುವವರು. ಅಭಿಮಾನಿಗಳೆಂದರೆ ಮುಖ್ಯವಾಗಿ ನಾವು ಮೂರ್ನಾಲ್ಕು ಕನ್ನಡ ಕುಟುಂಬಗಳು, ನಮ್ಮ ಮಡಿಸುವ ಕುರ್ಚಿಗಳು ಮತ್ತು ಚಿತ್ರಾನ್ನ. ನಮ್ಮನ್ನು ಅಲ್ಲಿಗೆ ಎಳೆದವನು ಧಾರವಾಡದ ಗೆಳೆಯ, ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯ. ಐವತ್ತು ದಾಟಿದ ಮೇಲೆ ತಂಡ ಸೇರಿದ್ದ. ಚೆಂಡನ್ನು ಚೆನ್ನಾಗಿಯೇ ಹೊಡೆಯುತ್ತಿದ್ದ. ಆದರೆ ಹುಟ್ಟಿನಿಂದ ಕ್ರಿಕೆಟ್ ಆಡಿದ ಕೈ. ಹೊಡೆದ ಮೇಲೆ ಬ್ಯಾಟು ಹಿಡಿದೇ ಓಡುತ್ತಿದ್ದ. ಬೇಸ್‌ಬಾಲಿನಲ್ಲಿ ಅದನ್ನು ಅಲ್ಲೇ ಬಿಟ್ಟು ಓಡುತ್ತಾರೆ. ಎದುರಾಳಿಗಳು ನಗುತ್ತಿದ್ದರು. ಮ್ಯಾನೇಜರು ನಗುತ್ತಿರಲಿಲ್ಲ, ಅವನನ್ನು ತಂಡದಿಂದ ತೆಗೆಯುತ್ತಲೂ ಇರಲಿಲ್ಲ.

“ಇನ್ನ ನನ್ನ ಯಾರ್ ಆಡಸ್ತಾರ್ರೀ?” ಎಂದ ಗೆಳೆಯ. ನಮ್ಮೊಡನೆ ಬೆಂಗಳೂರು ಕನ್ನಡ ಆಡುವವನು, ನಿಜವಾಗಿ ಕಂಗಾಲಾದಾಗ ಮಾತ್ರ ಧಾರವಾಡಕ್ಕೆ ಮರಳುತ್ತಿದ್ದ.

“ಫೈನಲ್‌ನಲ್ಲಿ ನಾವು ಸೋಲಿಸಿದ ಟೀಮ್‌ಗೇ ಹೋಗೋದಾ? ದ್ರೋಹ ಇದು,” ಎಂದರು ಅವನ ಹೆಂಡತಿ. ಅವರೂ ವೈದ್ಯೆ.

“ಅವರ ಮನೆಯವರಿಗೆ ಅಲ್ಲಿ ಕೆಲಸ ಸಿಕ್ಕಿದೆಯಂತೆ,” ಎಂದೆ.

“ಟ್ರೇನ್ ಇಲ್ವಾ? ಇಂಥ ಡ್ಯೂಟಿ ರೋಟಾ ಇಟ್ಕೊಂಡು ನಾನು ದಿನಾ ಡಾಂಕಾಸ್ಟರ್ ಆಸ್ಪತ್ರೆಗೆ ಹೋಗಿ ಬರ್ತಿಲ್ವಾ?”

ಕೊನೆಗೆ ನನ್ನ ಹೆಂಡತಿ, “ಬೈದುಕೊಂಡು ಕಳಿಸೋದು ಬೇಡ, ಒಂದು ಸನ್ಮಾನ ಮಾಡಿಬಿಡೋಣ,” ಎಂದಳು. ಗೆಳೆಯನ ಮುಖ ಅರಳಿತು. ಶಾಲು ಹೊದಿಸಿಕೊಂಡವರು ಹೊಸ ಮ್ಯಾನೇಜರ ಕಿವಿಯಲ್ಲಿ ತನ್ನ ಪರವಾಗಿ ಒಂದು ಮಾತು ಹಾಕದೇ ಇರುತ್ತಾರೆಯೇ ಎಂಬುದು ಅವನ ಲೆಕ್ಕ.

ಸೆಪ್ಟೆಂಬರಿನ ಕೊನೆಯ ಪಂದ್ಯವಾದ ಮೇಲೆ ಸನ್ಮಾನ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲವೂ ಸಿದ್ಧವಾದವು. ಹೊದಿಸಲು ಹಿರಿಯರ ಕೈ ಬೇಕಲ್ಲ? ಲೀಡ್ಸಿನಿಂದ ಮೈಸೂರು ಮೂಲದ ನಿವೃತ್ತ ಜಿಪಿ ಡಾಕ್ಟರೊಬ್ಬರನ್ನು ಕರೆಸಿದೆವು. ಸನ್ಮಾನಗಳಲ್ಲಿ ಪಳಗಿದವರು, ಬೇಸ್‌ಬಾಲ್ ಕಂಡವರಲ್ಲ. ಅವರ ಮುಂದೆ ಒಂದೇ ಬಗೆಯ ಟೋಪಿ ತೊಟ್ಟ ಇಬ್ಬರು ನಿಂತಿದ್ದರು: ಹೊರಟವರಿಗೆ ನಲವತ್ತರ ಆಸುಪಾಸು, ಹೊಸಬರಿಗೆ ನೆರೆತ ಮೀಸೆ. ಬೀಳ್ಕೊಡುಗೆ ಎಂದರೆ ತಲೆ ನೆರೆತವರಿಗೇ ಎಂಬುದು ಹಿರಿಯರ ಜೀವಮಾನದ ಅನುಭವ. ಶಾಲೂ ಪೇಟವೂ ಹೊಸ ಮ್ಯಾನೇಜರ ಪಾಲಾದವು.

ತಡೆಯಲು ನಾನು ಕೂಡಲೇ ಕೈಯೆತ್ತಿದೆ ಎಂದೇ ನನ್ನ ನೆನಪು. ವಿಡಿಯೊದಲ್ಲಿ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದೇನೆ.

“ಸಾರ್, ಇವರಲ್ಲ, ಅವರು!” ಗೆಳೆಯ ಪಿಸುಗುಟ್ಟಿದ.

“ಹೊದಿಸಿದ ಶಾಲು ಕಿತ್ಕೊಳ್ಳೋಕಾಗುತ್ತೇನಪ್ಪಾ? ಅವರಿಗೆ ಹಣ್ಣು ಕೊಡು,” ಎಂದು ಹಿರಿಯರು ಭಾಷಣಕ್ಕೇ ಇಳಿದರು. ಇನ್ನೂ ಒಂದು ಪಂದ್ಯವನ್ನೂ ನಡೆಸದ ಮನುಷ್ಯನ ದೀರ್ಘ ಸೇವೆಯನ್ನು ಇಂಗ್ಲಿಷಿನಲ್ಲಿ ಕೊಂಡಾಡಿ, ನೆಮ್ಮದಿಯ ವಿಶ್ರಾಂತಿ ಜೀವನ ಹಾರೈಸಿದರು. ಹೊಸ ಮ್ಯಾನೇಜರ ಕಣ್ಣು ತೇವವಾಯಿತು. ಹಳೆಯ ಮ್ಯಾನೇಜರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಸನ್ಮಾನ ಯಾರಿಗಾದರೇನು, ಫಲ ಸಿಕ್ಕರೆ ಸಾಕು ಎಂದು ಗೆಳೆಯ ನೇರವಾಗಿ ಹೊಸಬರ ಬಳಿಯೇ ಹೋದ. ಅವರು ಪೇಟ ಸರಿಮಾಡಿಕೊಳ್ಳುತ್ತ, ಮೃದುವಾಗಿಯೇ ಹೇಳಿದರು: “ನಿಮಗೆ ಸುಳ್ಳು ಭರವಸೆ ಕೊಡೋದಿಲ್ಲ, ಡಾಕ್ಟರ್. ನನಗೆ ಜೋರಾಗಿ ಓಡೋ ಹುಡುಗರು ಬೇಕು.”

ಗೆಳೆಯ ಹಣ್ಣಿನ ಬುಟ್ಟಿ ಹೊತ್ತು ಹಳೆಯ ಮ್ಯಾನೇಜರ ಕಾರಿನ ಕಡೆ ನಡೆದ. ನಾವೂ ಹಿಂದೆ ಹೋದೆವು. ಅವರು ಡಿಕ್ಕಿ ಮುಚ್ಚಿ, ಅವನ ಮುಖ ನೋಡಿ, “ನಾಟಿಂಗ್‌ಹ್ಯಾಮಿನಲ್ಲಿ ಮೈದಾನದ ಬಲಗಡೆಯ ಮೂಲೆಗೆ ಆಟಗಾರರಿಲ್ಲ. ಮೋಟರ್‌ವೇಯಲ್ಲಿ ಒಂದು ಗಂಟೆ ಅಷ್ಟೇ,” ಎಂದರು.

ಗೆಳೆಯ ಹೆಂಡತಿಯ ಕಡೆ ನೋಡಿದ. ಅವರು ದೂರದ ಮರಗಳನ್ನು ನೋಡುತ್ತ, “ಭಾನುವಾರ ಡ್ಯೂಟಿ ಇಲ್ದಿದ್ರೆ ನಾನೇ ಡ್ರೈವ್ ಮಾಡ್ತೀನಿ,” ಎಂದರು.

“ದ್ರೋಹ ಅಂದ್ರಲ್ಲ?” ನನ್ನ ಹೆಂಡತಿ ಕೆಣಕಿದಳು.

“ಅದು ಅವರೊಬ್ಬರೇ ಹೋದ್ರೆ ಕಣ್ರೀ.”

ಏಪ್ರಿಲಿನಲ್ಲಿ ನಮ್ಮ ಕುರ್ಚಿಗಳೆಲ್ಲ ನಾಟಿಂಗ್‌ಹ್ಯಾಮಿನ ಪಾರ್ಕಿನಲ್ಲಿದ್ದವು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ನಾವು ಯಾವೂರಿನವರೆಂದು ಕೇಳಿದಾಗ ಯಾರೂ ಶೆಫೀಲ್ಡ್ ಎನ್ನಲಿಲ್ಲ. ಎಲ್ಲರೂ ಒಟ್ಟಿಗೆ ಬೆಂಗಳೂರು ಎಂದೆವು. ಗೆಳೆಯ ಬಲಗಡೆಯ ಮೂಲೆಯಲ್ಲಿ ನಿಂತಿದ್ದ. ಅವತ್ತು ಅವನ ಕಡೆಗೆ ಒಂದೂ ಚೆಂಡು ಬರಲಿಲ್ಲ. ಅವನು ಮಾತ್ರ ಪ್ರತಿ ಎಸೆತಕ್ಕೂ ಮೊಣಕಾಲು ಬಗ್ಗಿಸಿ, ಕೈ ಚಾಚಿ, ಈಗ ಬಂದೇ ಬರುತ್ತದೆ ಎನ್ನುವಂತೆ ಕಾಯುತ್ತಿದ್ದ.